ಬ್ಲ್ಯಾಕ್‌ರಾಕ್ ಇಳಿಯಲಿಲ್ಲ, ಉಳಿದವರು ಹತ್ತಿದರು: ಲೆನ್‌ಸ್ಟರ್ ಶಾಲಾ ರಗ್ಬಿಯ ಒಂದು ಪ್ರಕರಣ

ಐರ್ಲೆಂಡಿನಲ್ಲಿ ಶಾಲಾ ಹುಡುಗರಿಗೆ ಅಂತ ಒಂದು ರಗ್ಬಿ ಕಪ್ ಇದೆ. ಲೆನ್‌ಸ್ಟರ್ ಸ್ಕೂಲ್ಸ್ ಸೀನಿಯರ್ ಕಪ್. ಲೆನ್‌ಸ್ಟರ್ ಅಂದರೆ ಡಬ್ಲಿನ್ ಇರುವ ಪೂರ್ವದ ಪ್ರಾಂತ್ಯ. 1887ರಲ್ಲಿ ಶುರುವಾಯಿತು. ಮೊದಲ ವರ್ಷವೇ ಗೆದ್ದದ್ದು ಡಬ್ಲಿನ್ನಿನ ಬ್ಲ್ಯಾಕ್‌ರಾಕ್ ಕಾಲೇಜ್. ಹೆಸರಲ್ಲಿ ಕಾಲೇಜ್ ಇದ್ದರೂ ಇದು ಹೈಸ್ಕೂಲ್ ಮಟ್ಟದ ಶಾಲೆ, ಇಲ್ಲಿ ಬರುವ ಉಳಿದ ಹೆಸರುಗಳೂ ಹಾಗೇ. ಆಮೇಲೆ ಅವರು ಗೆಲ್ಲುತ್ತಲೇ ಹೋದರು. 2022ರಲ್ಲಿ ಗೆದ್ದಾಗ ಅದು ಅವರ 70ನೇ ಕಪ್. ಅಂದರೆ ನೂರಾ ಮೂವತ್ತೈದು ವರ್ಷಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ಒಂದೇ ಶಾಲೆ ಕಪ್ ಹೊತ್ತುಕೊಂಡು ಹೋಗಿದೆ. ಎರಡನೇ ಸ್ಥಾನದಲ್ಲಿರುವ ಬೆಲ್ವೆಡಿಯರ್ ಹತ್ತಿರ ಇರುವುದು ಒಂದು ಡಜನ್ ಆಸುಪಾಸು. ಹೀಗಿದ್ದರೆ ಇದನ್ನು ಸ್ಪರ್ಧೆ ಅಂತ ಯಾಕಾದರೂ ಕರೆಯಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಆದರೆ 2007ರಿಂದ 2023ರವರೆಗಿನ ಪಟ್ಟಿ ತೆಗೆದು ನೋಡಿದರೆ ಚಿತ್ರ ಬೇರೆಯೇ ಇದೆ. ಈ ಅವಧಿಯಲ್ಲಿ ಮೈದಾನದಲ್ಲಿ ತೀರ್ಮಾನವಾದ ಫೈನಲ್‌ಗಳು 15. ಕೋವಿಡ್‌ನಿಂದಾಗಿ 2020ರ ಫೈನಲ್ ನಡೆಯಲಿಲ್ಲ, ಕಪ್ಪನ್ನು ಕ್ಲಾಂಗೋಸ್ ವುಡ್ ಮತ್ತು ನ್ಯೂಬ್ರಿಜ್ ಹಂಚಿಕೊಂಡವು. 2021ರಲ್ಲಿ ಟೂರ್ನಿಯೇ ಇರಲಿಲ್ಲ. ಆ 15ರಲ್ಲಿ ಬ್ಲ್ಯಾಕ್‌ರಾಕ್ ಗೆದ್ದದ್ದು ಐದು: 2009, 2013, 2014, 2018, 2022. ಮೂರರಲ್ಲಿ ಒಂದು. ಉಳಿದ ಹತ್ತು ಕಪ್ ಐದು ಶಾಲೆಗಳಿಗೆ ಹೋದವು. ಅವುಗಳಲ್ಲಿ ಮೂರು ಶಾಲೆಗಳಿಗೆ ಅದು ಜೀವಮಾನದ ಮೊದಲ ಕಪ್: 2007ರಲ್ಲಿ ಸೇಂಟ್ ಮೈಕಲ್ಸ್, 2015ರಲ್ಲಿ ರಾಸ್‌ಕ್ರೇ, 2023ರಲ್ಲಿ ಗೊನ್‌ಜಾಗಾ.

ಶತಮಾನಕ್ಕೂ ಹೆಚ್ಚು ಕಾಲ ಅಲ್ಲಾಡದ ತಕ್ಕಡಿ ಹದಿನೈದಿಪ್ಪತ್ತು ವರ್ಷದಲ್ಲಿ ಹೇಗೆ ಅಲ್ಲಾಡಿತು? ಮತ್ತು ನಿಜವಾಗಿ ಎಷ್ಟು ಅಲ್ಲಾಡಿತು? ಎರಡನೇ ಪ್ರಶ್ನೆಯನ್ನು ಜನ ಅಷ್ಟಾಗಿ ಕೇಳುವುದಿಲ್ಲ.

ಮೊದಲು ಬ್ಲ್ಯಾಕ್‌ರಾಕ್ ಯಾಕೆ ಅಷ್ಟು ಗೆಲ್ಲುತ್ತಿತ್ತು

ರಗ್ಬಿ ಯೂನಿಯನ್‌ನಲ್ಲಿ ಒಂದು ಕಡೆ 15 ಜನ. ದಪ್ಪಗಿರುವವರು, ಉದ್ದ ಇರುವವರು, ಓಡುವವರು, ಒದೆಯುವವರು, ಎಲ್ಲರೂ ಬೇಕು. ಎರಡೂ ಕಡೆಯವರು ತಲೆ ತಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಸ್ಕ್ರಮ್‌ನಲ್ಲಿ ಮುಂದಿನ ಸಾಲಿಗೆ ನಿಲ್ಲಿಸುವ ಹುಡುಗನನ್ನು ಅಂಚಿನಲ್ಲಿ ಓಡಲು ಬಿಟ್ಟರೆ ಆಗುವುದಿಲ್ಲ, ಓಡುವವನನ್ನು ಸ್ಕ್ರಮ್‌ಗೆ ತಳ್ಳಿದರೆ ಕುತ್ತಿಗೆಗೇ ಅಪಾಯ. ಕ್ರಿಕೆಟ್‌ನಲ್ಲಾದರೆ ಒಬ್ಬ ಒಳ್ಳೆ ಬ್ಯಾಟ್ಸ್‌ಮನ್ ಸಣ್ಣ ಶಾಲೆಯನ್ನು ಎರಡು ಮೂರು ಪಂದ್ಯ ದಾಟಿಸಿಬಿಡುತ್ತಾನೆ. ಇಲ್ಲಿ ಅದು ನಡೆಯುವುದಿಲ್ಲ. ಹದಿನೈದು ತರಹದ ಮೈಕಟ್ಟು ಬೇಕು, ಗಾಯವಾದರೆ ಅದೇ ತರಹದ ಇನ್ನೊಬ್ಬ ಬೆಂಚಿನಲ್ಲಿ ಕೂತಿರಬೇಕು. ಹಾಗಾಗಿ ದೊಡ್ಡ ಶಾಲೆಗೆ ಲಾಭ.

ಬ್ಲ್ಯಾಕ್‌ರಾಕ್‌ನಲ್ಲಿ ಸುಮಾರು ಸಾವಿರ ಹುಡುಗರು. ಪಕ್ಕದಲ್ಲೇ ವಿಲ್ಲೋ ಪಾರ್ಕ್ ಅನ್ನುವ ಅವರದೇ ಕಿರಿಯರ ಶಾಲೆ. ಅಲ್ಲಿ ಚಡ್ಡಿ ಹಾಕಿಕೊಂಡು ಚೆಂಡು ಹಿಡಿಯಲು ಕಲಿತ ಹುಡುಗನೇ ಹತ್ತು ವರ್ಷ ಆದಮೇಲೆ ಸೀನಿಯರ್ ಕಪ್ ಆಡುತ್ತಾನೆ. ಹಾಸ್ಟೆಲ್ ಬೇರೆ ಇದೆ, ದೂರದ ಊರಿನಿಂದಲೂ ಹುಡುಗರು ಬರುತ್ತಾರೆ. ಈಗಿನ ಐರ್ಲೆಂಡ್ ತಂಡದ ಕೇಲನ್ ಡೋರಿಸ್ ಪಶ್ಚಿಮ ಕರಾವಳಿಯ ಮೇಯೋ ಕೌಂಟಿಯವರು, ಓದಿದ್ದು ಬ್ಲ್ಯಾಕ್‌ರಾಕ್ ಹಾಸ್ಟೆಲ್‌ನಲ್ಲಿ. ಜೋಯಿ ಕಾರ್ಬೆರಿ ಅಥೈ ಊರಿನ ಶಾಲೆಯಲ್ಲಿದ್ದರು, ಕೊನೆಯ ವರ್ಷಗಳಿಗೆ ಬ್ಲ್ಯಾಕ್‌ರಾಕ್ ಸೇರಿಕೊಂಡು 2014ರ ಕಪ್ ಗೆದ್ದರು. ಇವರಿಗೆಲ್ಲ ಮುಂಚೆ ಐರ್ಲೆಂಡ್ ತಂಡಕ್ಕೆ ಆಡಿದ ಬ್ರಯಾನ್ ಓ'ಡ್ರಿಸ್ಕಾಲ್, ಲಿಯೋ ಕಲನ್. ಹೀಗೆ ಹೆಸರು ಹೆಸರನ್ನು ಎಳೆಯುತ್ತದೆ. ಮಗ ರಗ್ಬಿ ಆಡಲಿ ಅಂತ ಆಸೆ ಇರುವ ಅಪ್ಪ ಎಲ್ಲಿಗೆ ಸೇರಿಸುತ್ತಾನೆ ಅಂತ ಬೇರೆ ಹೇಳಬೇಕಿಲ್ಲ.

ಇದಕ್ಕೆಲ್ಲ ಒಂದು ಕಡಿವಾಣ ಇದೆ. ಟೂರ್ನಿ ನಾಕೌಟ್ ಮಾದರಿಯದು. ಒಂದು ಸಲ ಸೋತರೆ ಆ ವರ್ಷ ಮುಗೀತು. ಹದಿನೇಳು ಹದಿನೆಂಟರ ಹುಡುಗರು, ಚಳಿಗಾಲದ ಕೊನೆಯ ಕೆಸರು, ಗಾಳಿ, ಒಂದು ತಪ್ಪು ಪಾಸ್. ಲೀಗ್ ಮಾದರಿಯಲ್ಲಿ ಇಟ್ಟಿದ್ದರೆ ಬ್ಲ್ಯಾಕ್‌ರಾಕ್ ಕಪ್ಪುಗಳ ಲೆಕ್ಕ ಇನ್ನೂ ಎಷ್ಟಾಗುತ್ತಿತ್ತೋ. ನಾಕೌಟ್ ಇದ್ದೂ ಎಪ್ಪತ್ತು ಅನ್ನುವುದೇ ಆ ಶಾಲೆ ಎಷ್ಟು ಮುಂದಿತ್ತು ಅನ್ನುವುದಕ್ಕೆ ಸಾಕ್ಷಿ.

ಮನೆಯೊಳಗಿನ ಪಾಲು

ಈಗ ಸೇಂಟ್ ಮೈಕಲ್ಸ್ ಕಡೆ ಬರೋಣ. ಈ ಪ್ರಕರಣದಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದು ಇದೇ ಶಾಲೆ.

ಡಬ್ಲಿನ್ನಿನ ಶ್ರೀಮಂತ ಬಡಾವಣೆಯಾದ ಐಲ್ಸ್‌ಬರಿ ರೋಡಿನಲ್ಲಿ 1944ರಲ್ಲಿ ಶುರುವಾದ ಶಾಲೆ. ನಡೆಸುವವರು ಬ್ಲ್ಯಾಕ್‌ರಾಕ್ ನಡೆಸುವ ಸ್ಪಿರಿಟನ್ ಪಾದ್ರಿಗಳೇ. ಮೊದಮೊದಲು ಇಲ್ಲಿ ಚಿಕ್ಕ ಮಕ್ಕಳು ಓದುತ್ತಿದ್ದರು, ದೊಡ್ಡವರಾದ ಮೇಲೆ ಬ್ಲ್ಯಾಕ್‌ರಾಕ್‌ಗೆ ಹೋಗುತ್ತಿದ್ದರು. ಅಂದರೆ ಅದಕ್ಕೆ ಹುಡುಗರನ್ನು ಬೆಳೆಸಿ ಕೊಡುತ್ತಿದ್ದ ಶಾಲೆ ಇದು. ಆಮೇಲೆ ಕೊನೆಯ ತರಗತಿಯವರೆಗೂ ಇಲ್ಲೇ ಓದುವ ಹಾಗೆ ಆಯಿತು. ಹುಡುಗರು ಇಲ್ಲೇ ಉಳಿದರು. ಕಪ್ ಬರಲು 2007ರವರೆಗೆ ಕಾಯಬೇಕಾಯಿತು, ಆದರೆ ಬಂದ ಮೇಲೆ 2012ರಲ್ಲಿ, 2019ರಲ್ಲಿ ಮತ್ತೆ ಬಂತು. ಅದಕ್ಕಿಂತ ದೊಡ್ಡದು ಅಂದರೆ ಲೆನ್‌ಸ್ಟರ್ ವೃತ್ತಿಪರ ತಂಡಕ್ಕೆ ಈ ಶಾಲೆಯಿಂದ ಹೋದವರ ಸಾಲು: ಲ್ಯೂಕ್ ಮೆಕ್‌ಗ್ರಾ, ಡ್ಯಾನ್ ಲೀವಿ, ರಾಸ್ ಬರ್ನ್, ಜೇಮ್ಸ್ ರಯಾನ್, ಮ್ಯಾಕ್ಸ್ ಡೀಗನ್, ರೋನನ್ ಕೆಲೆಹರ್.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಆ 15 ಫೈನಲ್‌ಗಳಲ್ಲಿ ಬ್ಲ್ಯಾಕ್‌ರಾಕ್ ಐದು, ಸೇಂಟ್ ಮೈಕಲ್ಸ್ ಮೂರು. ಒಟ್ಟು ಎಂಟು. ಅಂದರೆ ಸ್ಪಿರಿಟನ್ ಪಾದ್ರಿಗಳ ಎರಡು ಶಾಲೆಗಳನ್ನು ಒಟ್ಟಿಗೆ ಹಿಡಿದರೆ ಈಗಲೂ ಅರ್ಧಕ್ಕಿಂತ ಜಾಸ್ತಿ ಕಪ್ ಅವರದೇ! ಹಳೆಯ ಪ್ರಮಾಣ ಹಾಗೇ ಇದೆ. ಒಂದೇ ಮನೆಯ ಅಣ್ಣ ತಮ್ಮ ಪಾಲು ಮಾಡಿಕೊಂಡಂತೆ ಅಷ್ಟೆ. ‘ಬ್ಲ್ಯಾಕ್‌ರಾಕ್ ಯುಗ ಮುಗೀತು’ ಅಂತ ಬರೆಯುವವರು ಈ ಲೆಕ್ಕವನ್ನು ಒಮ್ಮೆ ಹಾಕಬೇಕು.

ಉಳಿದ ಏಳರಲ್ಲಿ ಆರು ಜೆಸ್ಯೂಟ್ ಅನ್ನುವ ಇನ್ನೊಂದು ಪಾದ್ರಿ ಪಂಗಡದ ಶಾಲೆಗಳಿಗೆ ಹೋದವು. ಬೆಲ್ವೆಡಿಯರ್ ಮೂರು, ಕ್ಲಾಂಗೋಸ್ ಎರಡು, ಗೊನ್‌ಜಾಗಾ ಒಂದು. ಮಿಕ್ಕಿದ್ದು ಒಂದೇ ಒಂದು.

ಕೋಚಿಂಗ್ ಎಲ್ಲರಿಗೂ ಸಿಕ್ಕಾಗ

ಆದರೂ ಏನೋ ಬದಲಾಗಿದೆ ಅನ್ನುವುದು ಸುಳ್ಳಲ್ಲ. ಬ್ಲ್ಯಾಕ್‌ರಾಕ್ 2016ರಲ್ಲಿ, 2017ರಲ್ಲಿ ಬೆಲ್ವೆಡಿಯರ್ ಎದುರು ಫೈನಲ್ ಸೋತಿತು. 2018ರಲ್ಲಿ ಅದೇ ಬೆಲ್ವೆಡಿಯರ್ ಎದುರು ಗೆದ್ದಿತು, ಅದೂ 11–10ರಲ್ಲಿ, ಒಂದೇ ಅಂಕದ ಅಂತರ. 2023ರಲ್ಲಿ ಮತ್ತೆ ಫೈನಲ್ ಸೋಲು. ಗಮನಿಸಬೇಕಾದ್ದು ಏನೆಂದರೆ ಅವರು ಫೈನಲ್‌ಗೆ ಬರುವುದು ನಿಂತಿಲ್ಲ. 2013ರಿಂದ 2023ರವರೆಗೆ ನಡೆದ ಒಂಬತ್ತು ಫೈನಲ್‌ಗಳಲ್ಲಿ ಏಳರಲ್ಲಿ ಅವರಿದ್ದರು. ಶಾಲೆ ದುರ್ಬಲವಾಗಿದ್ದರೆ ಇದು ಸಾಧ್ಯವೇ ಇಲ್ಲ. ಎದುರಾಳಿಗಳು ಮೇಲೆ ಬಂದಿದ್ದಾರೆ, ಅಷ್ಟೆ.

ಯಾಕೆ ಮೇಲೆ ಬಂದರು? 1995ರಲ್ಲಿ ರಗ್ಬಿ ಯೂನಿಯನ್ ವೃತ್ತಿಪರ ಆಟವಾಯಿತು. ಅದಕ್ಕೆ ಮುಂಚೆ ಶಾಲೆಯಲ್ಲಿ ಕೋಚ್ ಅಂದರೆ ಗಣಿತವೋ ಲ್ಯಾಟಿನ್ನೋ ಕಲಿಸುವ ಮೇಷ್ಟ್ರು ಇಲ್ಲವೇ ಒಬ್ಬ ಪಾದ್ರಿ, ಸಂಜೆ ಸೀಟಿ ಹಿಡಿದು ಮೈದಾನಕ್ಕೆ ಇಳಿಯುತ್ತಿದ್ದರು. ಆ ಕಾಲದಲ್ಲಿ ಆಟದ ಗುಟ್ಟು ಹಳೇ ವಿದ್ಯಾರ್ಥಿಗಳ ಬಾಯಿಂದ ಬಾಯಿಗೆ ಬರುತ್ತಿತ್ತು, ಹಳೇ ವಿದ್ಯಾರ್ಥಿಗಳು ಜಾಸ್ತಿ ಇದ್ದ ಶಾಲೆಗೆ ಗುಟ್ಟೂ ಜಾಸ್ತಿ. ವೃತ್ತಿಪರ ಆಟ ಬಂದ ಮೇಲೆ ಈ ಗುಟ್ಟು ಸಂಬಳಕ್ಕೆ ಸಿಗುವ ವಸ್ತುವಾಯಿತು. ನಿವೃತ್ತ ಆಟಗಾರರು ಕೋಚ್ ಆಗಿ ಬಂದರು, ಜಿಮ್ ಕಟ್ಟಿದರು, ಪಂದ್ಯದ ವಿಡಿಯೋ ಹಾಕಿ ಎದುರಾಳಿಯ ಲೈನ್‌ಔಟ್ (ಚೆಂಡು ಗೆರೆ ದಾಟಿದಾಗ ಸಾಲಾಗಿ ನಿಂತು ಹಿಡಿಯುವುದು) ನೋಡುವುದು ಶಾಲೆಯ ಹುಡುಗರಿಗೂ ರೂಢಿಯಾಯಿತು. ಒಂದು ಶಾಲೆ ಕೋಚ್ ತಂದರೆ ಇನ್ನೊಂದು ಶಾಲೆ ಸುಮ್ನೆ ಕೂರುತ್ತದಾ?

ಐರ್ಲೆಂಡಿನ ಶಾಲಾ ವ್ಯವಸ್ಥೆಯಲ್ಲಿ ಇನ್ನೊಂದು ಅನುಕೂಲ ಇದೆ. ಅಲ್ಲಿ ಟ್ರಾನ್ಸಿಷನ್ ಇಯರ್ ಅಂತ ಒಂದು ವರ್ಷ ಇದೆ. ಮೂರನೇ ವರ್ಷದ ಪರೀಕ್ಷೆ ಮುಗಿದ ಮೇಲೆ, ಕೊನೆಯ ಪರೀಕ್ಷೆಯ ಎರಡು ವರ್ಷ ಶುರುವಾಗುವ ಮುಂಚೆ, ದೊಡ್ಡ ಪರೀಕ್ಷೆ ಇಲ್ಲದ ವರ್ಷ. ಜೂನಿಯರ್ ಕಪ್ ಆಡಿ ಮುಗಿಸಿದ ಹುಡುಗ ಸೀನಿಯರ್ ಕಪ್‌ಗೆ ಮೈ ಬೆಳೆಸಿಕೊಳ್ಳಲು ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ. ಈ ವರ್ಷ ಇರುವುದು ಒಂದೇ ಶಾಲೆಗೆ ಅಲ್ಲ. ಆದರೆ ಅದನ್ನು ಜಿಮ್, ಕೋಚ್, ಊಟದ ಪಟ್ಟಿ ಸಮೇತ ಬಳಸಿಕೊಳ್ಳುವುದಕ್ಕೆ ದುಡ್ಡು ಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೊನ್‌ಜಾಗಾ ಈ ಬದಲಾವಣೆಗೆ ಒಳ್ಳೆ ಉದಾಹರಣೆ. 1950ರಲ್ಲಿ ಡಬ್ಲಿನ್ನಿನ ರ‍್ಯಾನಲಾದಲ್ಲಿ ಜೆಸ್ಯೂಟರು ತೆರೆದ ಶಾಲೆ. ಬ್ಲ್ಯಾಕ್‌ರಾಕ್‌ನ ಅರ್ಧದಷ್ಟು ಹುಡುಗರು. ಹೆಸರು ಮಾಡಿದ್ದು ಚೆಸ್‌ನಲ್ಲಿ, ಚರ್ಚಾ ಸ್ಪರ್ಧೆಯಲ್ಲಿ, ಪರೀಕ್ಷೆಯಲ್ಲಿ. ಕೆವಿನ್ ಮೆಕ್‌ಲಾಫ್ಲಿನ್, ಡಾಮಿನಿಕ್ ರಯಾನ್ ತರಹದ ಒಬ್ಬಿಬ್ಬರು ಲೆನ್‌ಸ್ಟರ್‌ಗೆ ಆಡಿದ್ದರು, ಆದರೆ ಶಾಲೆಯನ್ನು ರಗ್ಬಿ ಶಾಲೆ ಅಂತ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. 2019ರಲ್ಲಿ ಮೊದಲ ಸಲ ಫೈನಲ್‌ಗೆ ಬಂದು ಸೇಂಟ್ ಮೈಕಲ್ಸ್‌ಗೆ ಸೋತರು. 2022ರಲ್ಲಿ ಮತ್ತೆ ಬಂದರು, ಬ್ಲ್ಯಾಕ್‌ರಾಕ್‌ಗೆ ಸೋತರು. 2023ರ ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ಸ್ ಡೇ, ಡಬ್ಲಿನ್ನಿನ ಆರ್‌ಡಿಎಸ್ ಮೈದಾನ, ಎದುರಿಗೆ ಅದೇ ಬ್ಲ್ಯಾಕ್‌ರಾಕ್. ಗೊನ್‌ಜಾಗಾ 35, ಬ್ಲ್ಯಾಕ್‌ರಾಕ್ 31. ಶಾಲಾ ಫೈನಲ್‌ನಲ್ಲಿ ಎರಡೂ ಕಡೆ ಮೂವತ್ತು ದಾಟುವುದು ಅಪರೂಪ. ಸಣ್ಣ ಶಾಲೆ ದೊಡ್ಡ ಶಾಲೆಯನ್ನು ಸೋಲಿಸಬೇಕಾದರೆ ಕೆಸರಲ್ಲಿ ಹೊರಳಾಡಿ, ಪೆನಾಲ್ಟಿ ಒದ್ದು, 9–6 ತರಹ ಗೆಲ್ಲಬೇಕು ಅನ್ನುವುದು ಹಳೆಯ ನಂಬಿಕೆ. ಇವರು ಚೆಂಡು ಕೈಯಲ್ಲಿಟ್ಟುಕೊಂಡು ಓಡಿಯೇ ಗೆದ್ದರು.

ರಾಸ್‌ಕ್ರೇ

ಆ ಮಿಕ್ಕ ಒಂದು ಕಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬೇಕೆಂದೇ ತಡವಾಗಿ ತೆಗೆದೆ.

ಸಿಸ್ಟರ್ಷಿಯನ್ ಕಾಲೇಜ್, ರಾಸ್‌ಕ್ರೇ. ಡಬ್ಲಿನ್ ಅಲ್ಲವೇ ಅಲ್ಲ. ಆಫಲಿ ಮತ್ತು ಟಿಪ್ಪರೆರಿ ಕೌಂಟಿಗಳ ಗಡಿಯಲ್ಲಿ, ಹೊಲ ಗದ್ದೆಗಳ ನಡುವೆ, ಮೌಂಟ್ ಸೇಂಟ್ ಜೋಸೆಫ್ ಅನ್ನುವ ಮಠ. ಆ ಮಠದ ಸಾಧುಗಳು 1905ರಲ್ಲಿ ತೆರೆದ ಹಾಸ್ಟೆಲ್ ಶಾಲೆ. ಮಾಜಿ ಪ್ರಧಾನಿ ಬ್ರಯಾನ್ ಕವನ್ ಇಲ್ಲಿ ಓದಿದವರು. ಸುತ್ತಲಿನ ಊರುಗಳಲ್ಲಿ ಜನ ಹುಚ್ಚಾಗಿ ಆಡುವುದು ಕೋಲು ಚೆಂಡಿನ ಐರಿಷ್ ಆಟ ಹರ್ಲಿಂಗ್, ಆ ಕಡೆಯ ಹುಡುಗ ಹುಟ್ಟಿದಾಗಿನಿಂದ ಹಿಡಿಯುವುದು ಹರ್ಲಿಂಗ್ ಕೋಲು. ಅಂಥ ಜಾಗದ ಸಣ್ಣ ಶಾಲೆ 2011ರಲ್ಲಿ ಫೈನಲ್‌ಗೆ ಬಂದು ಕ್ಲಾಂಗೋಸ್‌ಗೆ ಸೋತಿತು. 2015ರಲ್ಲಿ ಮತ್ತೆ ಬಂತು. ಬೆಲ್ವೆಡಿಯರ್ ಎದುರು 18–11. ಕಪ್ ರಾಸ್‌ಕ್ರೇಗೆ ಹೋಯಿತು.

ಹೇಗೆ ಸಾಧ್ಯವಾಯಿತು? ಹಾಸ್ಟೆಲ್ ಶಾಲೆಗೆ ಒಂದು ಅನುಕೂಲ ಇದೆ, ಅದಕ್ಕೆ ದುಡ್ಡು ಬೇಕಿಲ್ಲ: ಸಮಯ. ಡಬ್ಲಿನ್ನಿನ ಹುಡುಗ ಸಂಜೆ ಬಸ್ಸು ಹತ್ತಿ ಮನೆಗೆ ಹೋಗುತ್ತಾನೆ. ರಾಸ್‌ಕ್ರೇ ಹುಡುಗ ಎಲ್ಲಿಗೆ ಹೋಗುತ್ತಾನೆ? ಒಟ್ಟಿಗೆ ಊಟ, ಒಟ್ಟಿಗೆ ನಿದ್ದೆ, ಒಟ್ಟಿಗೆ ಅಭ್ಯಾಸ. ಹದಿನೈದು ಜನ ಒಬ್ಬರ ಮನಸ್ಸು ಒಬ್ಬರಿಗೆ ಗೊತ್ತಿರುವ ಹಾಗೆ ಆಡುವ ಆಟಕ್ಕೆ ಇದು ದೊಡ್ಡ ವಿಷಯ. ಜೊತೆಗೆ ಒಂದು ಒಳ್ಳೆ ಬ್ಯಾಚು ಕೂಡಿ ಬರಬೇಕು. ಸಾವಿರ ಹುಡುಗರ ಶಾಲೆಗೆ ಒಳ್ಳೆ ಬ್ಯಾಚು ಪ್ರತಿ ವರ್ಷ ಬರುತ್ತದೆ, ಇಂಥ ಶಾಲೆಗೆ ಹತ್ತು ವರ್ಷಕ್ಕೊಮ್ಮೆ.

ಆಮೇಲೆ ಏನಾಯಿತು ಅಂದರೆ, ಕಪ್ ಗೆದ್ದು ಎರಡು ವರ್ಷವೂ ತುಂಬಿರಲಿಲ್ಲ. 2017ರ ಫೆಬ್ರವರಿಯಲ್ಲಿ ಶಾಲೆ ಮುಚ್ಚುವ ಮಾತು ಬಂತು. ಹೊಸ ಹುಡುಗರನ್ನು ತೆಗೆದುಕೊಳ್ಳುವುದಿಲ್ಲ, ಹಂತ ಹಂತವಾಗಿ ನಿಲ್ಲಿಸುತ್ತೇವೆ ಅಂತ ಪ್ರಕಟಣೆ. ಕಾರಣ ರಗ್ಬಿಯೇ ಅಲ್ಲ. ಹಾಸ್ಟೆಲ್‌ಗೆ ಬರುವ ಹುಡುಗರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. 2008ರ ಆರ್ಥಿಕ ಕುಸಿತದ ನಂತರ ಹಳ್ಳಿ ಕಡೆಯ ಕುಟುಂಬಗಳಿಗೆ ಹಾಸ್ಟೆಲ್ ಫೀಸು ಭಾರವಾಗಿತ್ತು, ಮಠದಲ್ಲಿ ಸಾಧುಗಳಿಗೆ ವಯಸ್ಸಾಗಿತ್ತು. ಅಪ್ಪ ಅಮ್ಮಂದಿರು, ಹಳೇ ವಿದ್ಯಾರ್ಥಿಗಳು ಗಡಬಡಿಸಿ ಸೇರಿದರು, ದುಡ್ಡು ಹೊಂದಿಸಿದರು, ಮಠದವರ ಜೊತೆ ಕೂತು ಮಾತಾಡಿದರು. ಕೆಲವೇ ದಿನಗಳಲ್ಲಿ ತೀರ್ಮಾನ ಹಿಂದಕ್ಕೆ ಹೋಯಿತು, ಶಾಲೆ ಉಳಿಯಿತು.

ಇಡೀ ಲೆನ್‌ಸ್ಟರ್ ಕಪ್ಪಿನ ಕಥೆ ನನಗೆ ಅರ್ಥವಾಗುವುದು ಈ ಎರಡು ವರ್ಷಗಳಲ್ಲಿ. ಬ್ಲ್ಯಾಕ್‌ರಾಕ್‌ಗೆ ಒಂದು ಕಪ್ ಅಂದರೆ ಮುಂದಿನ ಕಪ್ಪಿಗೆ ಬೀಜ. ಗೆದ್ದ ಸುದ್ದಿ ನೋಡಿ ಇನ್ನಷ್ಟು ಹುಡುಗರು ಬರುತ್ತಾರೆ, ಅವರಿಂದ ಇನ್ನೊಂದು ತಂಡ. ರಾಸ್‌ಕ್ರೇಯಲ್ಲಿ ಆ ಚಕ್ರ ತಿರುಗಲೇ ಇಲ್ಲ. ಐರ್ಲೆಂಡಿನ ಅತ್ಯಂತ ದೊಡ್ಡ ಶಾಲಾ ಕಪ್ ಗೆದ್ದ ಶಾಲೆಗೆ ಎರಡು ವರ್ಷದಲ್ಲಿ ಹಾಸ್ಟೆಲ್ ತುಂಬಿಸಲು ಹುಡುಗರು ಸಿಗಲಿಲ್ಲ. ಗೆಲುವು ಲಾಭವಾಗಬೇಕಾದರೆ ಶಾಲೆ ಸರಿಯಾದ ಪಿನ್‌ಕೋಡಿನಲ್ಲಿ ಇರಬೇಕು, ಫೀಸು ಕಟ್ಟಬಲ್ಲ ಮನೆಗಳು ಬಸ್ಸಿನ ದೂರದಲ್ಲಿ ಇರಬೇಕು.

ಹಾಗಾದರೆ ತಕ್ಕಡಿ ಅಲ್ಲಾಡಿದ್ದು ಎಷ್ಟು

ಅಲ್ಲಾಡಿದೆ, ಆದರೆ ತುಂಬಾ ಸಣ್ಣ ವೃತ್ತದೊಳಗೆ. ಗೆದ್ದ ಆರೂ ಶಾಲೆಗಳು, ಹಂಚಿಕೊಂಡ ನ್ಯೂಬ್ರಿಜ್ ಸೇರಿದರೆ ಏಳೂ, ಫೀಸು ಕಟ್ಟಿ ಓದುವ ಕ್ಯಾಥೊಲಿಕ್ ಶಾಲೆಗಳು. ಐರ್ಲೆಂಡಿನಲ್ಲಿ ಹೈಸ್ಕೂಲ್ ಮಟ್ಟದ ಶಾಲೆಗಳು ಏಳುನೂರರ ಮೇಲಿವೆ, ಅವುಗಳಲ್ಲಿ ಫೀಸು ತೆಗೆದುಕೊಳ್ಳುವವು ಸುಮಾರು ಐವತ್ತು. ಅಂಥ ಶಾಲೆಗಳಲ್ಲೂ ಬಹುಪಾಲು ಮೇಷ್ಟ್ರುಗಳ ಸಂಬಳ ಕೊಡುವುದು ಸರ್ಕಾರ. ಹಾಗಾಗಿ ಫೀಸಿನ ದುಡ್ಡು ಮೈದಾನಕ್ಕೆ, ಜಿಮ್‌ಗೆ, ಕೋಚ್‌ಗೆ ಅಂತ ಉಳಿಯುತ್ತದೆ. ಇದು ಅನ್ಯಾಯ ಅಂತ ಅಲ್ಲಿ ವರ್ಷಗಳಿಂದ ಜಗಳ ನಡೆಯುತ್ತಲೇ ಇದೆ. ನನ್ನ ಪ್ರಕಾರ ಜಗಳ ಮಾಡುವವರ ಮಾತಿನಲ್ಲಿ ತೂಕ ಇದೆ. ಬೆಲ್ವೆಡಿಯರ್ ಮಾತ್ರ ಬಡ ಕುಟುಂಬದ ಹುಡುಗರಿಗೆ ಫೀಸಿಲ್ಲದೆ ಸೀಟು ಕೊಡುವ ಯೋಜನೆಯನ್ನು ಬಹಳ ಕಾಲದಿಂದ ನಡೆಸಿಕೊಂಡು ಬಂದಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ವೃತ್ತದ ಹೊರಗೆ ಆಟಗಾರರು ಇಲ್ಲ ಅಂತಲ್ಲ. ಐರ್ಲೆಂಡಿನ ಸ್ಕ್ರಮ್ ಹೊತ್ತು ನಿಲ್ಲಿಸಿದ ಟೈಗ್ ಫರ್ಲಾಂಗ್ ವೆಕ್ಸ್‌ಫರ್ಡ್ ಕೌಂಟಿಯ ಕ್ಯಾಂಪೈಲ್ ಊರಿನವರು. ನ್ಯೂ ರಾಸ್‌ನ ಸಾಮಾನ್ಯ ಶಾಲೆಯಲ್ಲಿ ಓದಿ, ಊರ ಕ್ಲಬ್ಬಿನಲ್ಲಿ ಆಡಿ ಬಂದವರು. ಶಾನ್ ಓ'ಬ್ರಯನ್ ಕಾರ್ಲೋ ಕೌಂಟಿಯ ಟಲ್ಲೋದ ಸರ್ಕಾರಿ ಶಾಲೆಯವರು. ಇಬ್ಬರೂ ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ಆಟಗಾರರ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ತಂಡಕ್ಕೆ ಆಡಿದರು, ಆ ಭಾಗದಲ್ಲಿ ಅದಕ್ಕಿಂತ ಮೇಲಿನ ಗೌರವ ಇಲ್ಲ. ಇಂಥ ಹುಡುಗರಿಗೆ ಅಂತ ಲೆನ್‌ಸ್ಟರ್‌ನವರು ಶೇನ್ ಹೋರ್ಗನ್ ಕಪ್ ನಡೆಸುತ್ತಾರೆ. ಅದರಲ್ಲಿ ಶಾಲೆಗಳ ಬದಲು ಪ್ರದೇಶಗಳ ತಂಡ, ಕ್ಲಬ್ಬಿನ ಹುಡುಗರು ಆಡುತ್ತಾರೆ. ಅಲ್ಲಿ ಮಿಂಚಿದರೆ ಲೆನ್‌ಸ್ಟರ್ ತಂಡಕ್ಕೆ ಹುಡುಗರನ್ನು ತಯಾರು ಮಾಡುವ ಅಕಾಡೆಮಿಯವರ ಕಣ್ಣಿಗೆ ಬೀಳಬಹುದು. ಆದರೆ ಹದಿನೈದರ ಹುಡುಗ ಚೆನ್ನಾಗಿ ಆಡುತ್ತಾನೆ ಅಂತ ಗೊತ್ತಾದ ಕೂಡಲೇ ಹಾಸ್ಟೆಲ್ ಶಾಲೆಯ ಆಸೆ ಹುಟ್ಟುವುದು ಸಹಜ. ರಾಬ್ ಕಿಯರ್ನಿ ಲೌತ್ ಕೌಂಟಿಯಿಂದ, ಗಾರ್ಡನ್ ಡಾರ್ಸಿ ವೆಕ್ಸ್‌ಫರ್ಡ್‌ನಿಂದ ಕ್ಲಾಂಗೋಸ್‌ಗೆ ಹೋಗಿ ಬೆಳೆದವರೇ. ಹುಡುಗನಿಗೆ ಒಳ್ಳೆಯದಾಯಿತು, ನಿಜ. ಅವನು ಬಿಟ್ಟು ಬಂದ ಊರಿನ ಶಾಲೆಗೆ?

ಇದಕ್ಕೆ ಪರಿಹಾರ ಅಂತ ಹೊರಗಿನಿಂದ ಬರುವ ಹುಡುಗರಿಗೆ ಮಿತಿ ಹಾಕಿ, ಕೊನೆಯ ಎರಡು ವರ್ಷದಲ್ಲಿ ಶಾಲೆ ಬದಲಾಯಿಸಿದವರನ್ನು ಆಡಿಸಬೇಡಿ ಅನ್ನುವ ಮಾತು ಸುಲಭವಾಗಿ ಬರುತ್ತದೆ. ನನಗೆ ಅದರಲ್ಲಿ ಪೂರ್ತಿ ನಂಬಿಕೆ ಇಲ್ಲ. ಹಾಗೆ ಮಾಡಿದರೆ ಮೊದಲು ಪೆಟ್ಟು ತಿನ್ನುವುದು ರಾಸ್‌ಕ್ರೇ ತರಹದ ಶಾಲೆ. ಬ್ಲ್ಯಾಕ್‌ರಾಕ್‌ಗೆ ವಿಲ್ಲೋ ಪಾರ್ಕ್ ಇದೆ, ಆರು ವರ್ಷದ ಮಗುವಿನಿಂದಲೇ ತಯಾರಿ ನಡೆಯುತ್ತದೆ, ಯಾರನ್ನೂ ಹೊರಗಿನಿಂದ ತರದೆಯೂ ಅವರು ಫೈನಲ್‌ಗೆ ಬರುತ್ತಾರೆ. ಹಾಸ್ಟೆಲ್ ನಂಬಿದ ಹಳ್ಳಿ ಕಡೆಯ ಶಾಲೆಗೆ ಹುಡುಗರು ಬರುವುದೇ ಬೇರೆ ಊರುಗಳಿಂದ, ಅದೂ ತಡವಾಗಿ. ಎಲ್ಲರಿಗೂ ಒಂದೇ ಅನ್ನುವ ನಿಯಮ ಇಲ್ಲಿ ದೊಡ್ಡವರ ಪರವಾಗಿಯೇ ಬೀಳುತ್ತದೆ.

ನಾನಾದರೆ ದುಡ್ಡನ್ನು ಕಪ್ಪಿನ ಹೊರಗೆ ಹಾಕುತ್ತಿದ್ದೆ. ಅಕಾಡೆಮಿಯ ಕೋಚ್‌ಗಳನ್ನು ವಾರಕ್ಕೆರಡು ದಿನ ಟಲ್ಲೋಗೋ ನ್ಯೂ ರಾಸ್‌ಗೋ ಕಳಿಸುವುದು, ಹದಿನೈದರ ಹುಡುಗನಿಗೆ ಊರಲ್ಲೇ ಜಿಮ್ ಸಿಗುವ ಹಾಗೆ ಮಾಡುವುದು, ಅವನು ಶಾಲೆ ಬಿಡದೆಯೇ ಲೆನ್‌ಸ್ಟರ್ ಅಕಾಡೆಮಿಗೆ ದಾರಿ ಇದೆ ಅಂತ ಅವನ ಅಪ್ಪನಿಗೆ ಗಟ್ಟಿಯಾಗಿ ಗೊತ್ತಾಗುವುದು. ಸೀನಿಯರ್ ಕಪ್ ಇದರಿಂದ ನಾಳೆಯೇ ಬದಲಾಗುವುದಿಲ್ಲ. ಮುಂದಿನ ಮಾರ್ಚಿನಲ್ಲೂ ಫೈನಲ್‌ನಲ್ಲಿ ಬ್ಲ್ಯಾಕ್‌ರಾಕ್‌ನ ನೀಲಿ ಬಿಳಿ ಕಂಡರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಎದುರಿಗೆ ನಿಲ್ಲುವವರು ಇದೇ ಆರೇಳು ಶಾಲೆಗಳ ಆಚೆಯವರಾಗುವುದಕ್ಕೆ ಇನ್ನೂ ಎಷ್ಟು ಕಾಲ ಬೇಕು ಅನ್ನುವುದು ಮಾತ್ರ ಟಲ್ಲೋದಂಥ ಊರಿನ ಆ ಹದಿನೈದರ ಹುಡುಗ ಎಲ್ಲಿ ಓದಿ ಮುಗಿಸುತ್ತಾನೆ ಅನ್ನುವುದರ ಮೇಲಿದೆ.